ಹಿಡಿ ಅಕ್ಕಿ, ಹಿಡಿ ಜೋಳ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಭೆಗಳೂ ಸುವಾರ್ತಾ ಸೇವೆಯೂ

ಸ್ಮರಣ ಸಂಚಿಕೆಗೆ ಸಭೆಯ ಚರಿತ್ರೆ ಬರೆಯಲು ಕುಳಿತವರಿಗೆ ಒಂದು ರೂಢಿ ಬಿದ್ದಿದೆ. ಯಾವ ದೇಶದ ಮಿಷನರಿ ಯಾವ ವರ್ಷ ಬಂದರು, ಅಡಿಗಲ್ಲು ಇಟ್ಟ ಬಿಷಪ್ಪರು ಯಾರು, ಗಂಟೆ ಎಲ್ಲಿಂದ ಬಂತು, ಶಾಲೆಯ ಕಟ್ಟಡಕ್ಕೆ ಹಣ ಕೊಟ್ಟವರು ಯಾರು ಎಂಬ ವಿವರಗಳಲ್ಲೇ ಪುಟಗಳು ತುಂಬುತ್ತವೆ. ಆ ವಿವರಗಳು ಬೇಕು, ಉಪಕಾರ ಮರೆಯಬಾರದು. ಆದರೆ ಹಾಗೆ ಬರೆದ ಚರಿತ್ರೆಯನ್ನು ಓದಿ ಬೆಳೆದ ಮಕ್ಕಳ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಸದ್ದಿಲ್ಲದೆ ಊರಿಕೊಳ್ಳುತ್ತದೆ: ಮಿಷನ್ ಎಂದರೆ ಹೊರಗಿನವರು ಬಂದು ನಮಗಾಗಿ ಮಾಡಿ ಹೋಗುವ ಕೆಲಸ, ನಮ್ಮ ಪಾಲು ಅದನ್ನು ಪಡೆದುಕೊಳ್ಳುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಭೆಗಳು ಇಂದು ಸುವಾರ್ತಾ ಸೇವೆಯಲ್ಲಿ ಹಿಂದೆ ಬಿದ್ದಿದ್ದರೆ ಅದಕ್ಕೆ ಬಡತನಕ್ಕಿಂತ ಈ ತಿಳಿವಳಿಕೆಯೇ ಹೆಚ್ಚು ಕಾರಣ ಎಂದು ನಾನು ನಂಬುತ್ತೇನೆ. ಸ್ಥಳೀಯ ಸಭೆ ತನ್ನ ಜನರಿಂದ, ತನ್ನ ಕಾಣಿಕೆಯಿಂದ, ತನ್ನ ಮಾತಿನಲ್ಲಿ ಮಾಡಿದ ಸೇವೆಯೇ ಈ ನೆಲದಲ್ಲಿ ಬೇರು ಬಿಡುತ್ತದೆ. ಸುತ್ತಲಿನ ಸಮಾಜದ ಅನುಮಾನಕ್ಕೆ ಅಂಥ ಸೇವೆಯ ಹತ್ತಿರವೇ ಉತ್ತರವಿದೆ.

ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಈ ದೋಆಬ್ ಪ್ರದೇಶಕ್ಕೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಇರುವ ಹಳೆಯ ರೋಮನ್ ಕ್ಯಾಥೊಲಿಕ್ ಚರ್ಚನ್ನು ಜೆಸ್ವಿಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದರೆಂಬುದು ಗೆಜೆಟಿಯರುಗಳ ಹೇಳಿಕೆ. ಆಗ ಈ ಸೀಮೆ ಬಿಜಾಪುರದ ಆದಿಲಶಾಹಿ ಮತ್ತು ವಿಜಯನಗರದ ನಡುವೆ ಕೈಯಿಂದ ಕೈಗೆ ದಾಟುತ್ತಿತ್ತು. ಕೋಟೆ ಯಾರ ವಶಕ್ಕೆ ಹೋದರೂ ಕೋಟೆಯ ನೆರಳಿನ ಒಂದು ಸಣ್ಣ ಸಮುದಾಯ ತನ್ನ ಪ್ರಾರ್ಥನೆ ಬಿಡಲಿಲ್ಲ. ಆದಿಲಶಾಹಿ ಹೋಯಿತು, ಮೊಗಲರು ಬಂದರು, ನಿಜಾಮರು ಬಂದರು, 1948ರಲ್ಲಿ ಅವರ ಆಳ್ವಿಕೆಯೂ ಮುಗಿಯಿತು. ಹಿಂದೂಗಳು ಮುಸಲ್ಮಾನರ ಜೊತೆ ಸೇರಿ ಮೊಹರಂ ಆಚರಿಸುವ ಊರೆಂದು ಹೆಸರಾದ ಮುದಗಲ್ಲಿನಲ್ಲಿ ಕ್ರೈಸ್ತರೂ ಊರಿನ ಬಾಳಿನ ಒಂದು ಎಳೆಯಾಗಿ ಉಳಿದರು. ಇಷ್ಟು ಕಾಲ ಈ ಸಭೆಯನ್ನು ಉಳಿಸಿದ್ದು ಪಾದ್ರಿಗಳ ಎಣಿಕೆಯಲ್ಲ. ಮನೆ ಮನೆಯಲ್ಲಿ ತಾಯಂದಿರು ಮಕ್ಕಳಿಗೆ ಕಲಿಸಿದ ಪ್ರಾರ್ಥನೆ. ಆದರೂ ಉಳಿಯುವುದು ಬೇರೆ, ಕಳುಹಿಸಲ್ಪಡುವುದು ಬೇರೆ. ಒಂದು ಸಭೆ ತನ್ನೊಳಗೆ ಶತಮಾನಗಟ್ಟಲೆ ಬಾಳಬಹುದು, ಹೊಸ್ತಿಲಾಚೆಯ ನೆರೆಯವನ ಪಾಲಿಗೆ ಅದು ಏನೂ ಆಗದೇ ಹೋಗಬಹುದು. ಮುದಗಲ್ಲಿನ ಚರಿತ್ರೆಯಿಂದ ಕಲಿಯಬೇಕಾದ ಪಾಠದ ಎರಡು ಮುಖಗಳೂ ಇವೇ.

ಲಿಂಗಸುಗೂರಿನ ಕಥೆ ಇನ್ನೊಂದು ಬಗೆಯದು. ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇದ್ದ ಊರು ಅದು. 1905ರಲ್ಲಿ ಜಿಲ್ಲಾ ಕೇಂದ್ರದ ಪಟ್ಟವೂ ಅದರ ಕೈ ತಪ್ಪಿತು. ಛಾವಣಿಯ ಜೊತೆ ಬರುವ ಧರ್ಮ ಛಾವಣಿಯ ಜೊತೆಯೇ ಗಂಟು ಕಟ್ಟುತ್ತದೆ. ಅದಕ್ಕೆ ಊರಿನ ಕೇರಿಯ ಪರಿಚಯವಿರುವುದಿಲ್ಲ. ಕೇರಿಗಳಿಗೆ ಸುವಾರ್ತೆ ಮುಟ್ಟಿದ್ದು ಬೇರೆ ದಾರಿಯಿಂದ. 19ನೇ ಶತಮಾನದಲ್ಲಿ ಮಿಷನ್ ಸಂಸ್ಥೆಗಳು ಕನ್ನಡ ನಾಡನ್ನು ತಮ್ಮೊಳಗೆ ಹಂಚಿಕೊಂಡಿದ್ದವು: ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್, ಧಾರವಾಡ ಸೀಮೆಯಲ್ಲಿ 1837ರಿಂದ ಬಾಸೆಲ್ ಮಿಷನ್, ಮೈಸೂರಿನಲ್ಲಿ ವೆಸ್ಲಿಯನ್ನರು, ನಿಜಾಮರ ಆಳ್ವಿಕೆಯ ಕನ್ನಡ ಜಿಲ್ಲೆಗಳಲ್ಲಿ ಅಮೆರಿಕದ ಮೆಥಡಿಸ್ಟರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಕನ್ನಡ ಬೈಬಲ್ಲಿನ ಕೆಲಸಕ್ಕೆ ಕೈಹಾಕಿದಾಗ ಪಕ್ಕದಲ್ಲಿ ಕುಳಿತು ಪದ ತಿದ್ದಿದವರು ಕನ್ನಡದ ಮುನ್ಷಿಗಳು. ಹಳ್ಳಿಗಳಿಗೆ ನಡೆದು ಹೋದವರು ಊರಿನ ಉಪದೇಶಿಗಳು. ದೊರೆಸಾನಿಯರಿಗೆ ಬಾಗಿಲು ತೆರೆಯದ ಮನೆಗಳ ಅಡುಗೆಮನೆಯವರೆಗೆ ಹೋಗಿ ಕುಳಿತವರು ಬೈಬಲ್ ಸ್ತ್ರೀಯರು. ಕೆಲಸ ಹೊತ್ತವರು ಊರಿನವರೇ ಎಂಬುದು ಮೊದಲ ಮಹಾಯುದ್ಧ ಬಂದಾಗ ಇನ್ನಷ್ಟು ಸ್ಪಷ್ಟವಾಯಿತು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಟ್ಟರು, ಹಂಚಿನ ಕಾರ್ಖಾನೆಗಳು ಕೈಬಿಟ್ಟುಹೋದವು. ಆದರೆ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ಸಭೆಗಳು ಮುಚ್ಚಲಿಲ್ಲ. ಊರಿನ ಸಭಾಪಾಲಕರೂ ಹಿರಿಯರೂ ಅವನ್ನು ಹೊತ್ತು ನಡೆದರು. ಕಾರ್ಖಾನೆಯ ಆಸರೆ ಕಳೆದುಕೊಂಡ ಕುಟುಂಬಗಳ ಕಷ್ಟ ಸಣ್ಣದಾಗಿರಲಿಲ್ಲ ಎಂಬುದೂ ನಿಜ. ಹೊರಗಿನ ಆಸರೆ ತಪ್ಪಿದ ಗಳಿಗೆಯಲ್ಲಿ ಯಾವುದು ಸ್ವಂತದ್ದು, ಯಾವುದು ಎರವಲು ಎಂಬುದು ಬಯಲಾಯಿತು.

ಸ್ಥಳೀಯ ಸಭೆಯೇ ಮಿಷನರಿಯನ್ನು ಕಳುಹಿಸಬಲ್ಲದು ಎಂಬುದಕ್ಕೆ ದೂರ ಹೋಗಿ ಪುರಾವೆ ಹುಡುಕಬೇಕಿಲ್ಲ. 1903ರಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ಇಂಡಿಯನ್ ಮಿಷನರಿ ಸೊಸೈಟಿಯನ್ನು ಕಟ್ಟಿದರು. ಅವರು ಆರಿಸಿಕೊಂಡ ಕ್ಷೇತ್ರ ದೋರ್ನಕಲ್. ಅದು ಆಗ ನಮ್ಮ ಲಿಂಗಸುಗೂರಿನಂತೆಯೇ ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಮಾತು ಬೇರೆ, ಊಟ ಬೇರೆ, ಜಾತಿ ವ್ಯವಸ್ಥೆಯ ಒಳಸುಳಿಗಳು ಬೇರೆ. ತೆಲುಗು ಕಲಿತು, ಹಳ್ಳಿಗಳಲ್ಲಿ ನೆಲೆಸಿ ಅವರು ಕೆಲಸ ಮಾಡಿದರು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ವಿ.ಎಸ್. ಅಜರಾಯ ಅವರು 1909ರಲ್ಲಿ ತಾವೇ ದೋರ್ನಕಲ್ಲಿಗೆ ಹೋದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. ಅದಕ್ಕೂ ಮೊದಲು, 1905ರ ಡಿಸೆಂಬರಿನಲ್ಲಿ, ಅವರೂ ಜೊತೆಗಾರರೂ ಶ್ರೀರಾಮಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಕಟ್ಟಿದಾಗ ಹಾಕಿಕೊಂಡ ನಿಯಮ ಸರಳವಾಗಿತ್ತು: ಜನ ಭಾರತದವರು, ಹಣ ಭಾರತದ್ದು, ಆಡಳಿತ ಭಾರತದವರದು. ದೋರ್ನಕಲ್ಲಿನಲ್ಲಿ ಅಜರಾಯರು ಹಿಡಿದ ದಾರಿಯಲ್ಲಿ ನಮಗೆ ಹೆಚ್ಚು ಪ್ರಯೋಜನದ ಸಂಗತಿ ಒಂದಿದೆ. ಸಾಕ್ಷಿ ಹೇಳುವುದು ಸಂಬಳದ ಉಪದೇಶಿಯ ಕೆಲಸ ಮಾತ್ರವಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬ ಕೂಲಿಯಾಳಿನ ಕೆಲಸವೂ ಹೌದು ಎಂದು ಅವರು ಕಲಿಸಿದರು. ಸ್ಥಳೀಯ ಸಭೆ ಕಳುಹಿಸುವುದು ಹೊಸ ಮಾತೂ ಅಲ್ಲ. ಅಪೊಸ್ತಲರ ಕೃತ್ಯಗಳು ಗ್ರಂಥದಲ್ಲಿ ಬಾರ್ನಬನನ್ನೂ ಸೌಲನನ್ನೂ ಬೇರ್ಪಡಿಸಿ ಕಳುಹಿಸಿದ್ದು ಅಂತಿಯೋಕ್ಯ ಎಂಬ ಒಂದು ಊರಿನ ಸಭೆ.

ಇಲ್ಲಿ ಮೊದಲ ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ನಮ್ಮ ಸಭೆಗಳು ಬಡವರ ಸಭೆಗಳು. ಸಭಾಪಾಲಕರ ಸಂಬಳಕ್ಕೇ ಪರದಾಟ, ಇನ್ನು ಮಿಷನರಿಯನ್ನು ಸಾಕುವುದೆಲ್ಲಿ ಎಂದು ಕೇಳುವವರಿದ್ದಾರೆ. 2002ರ ನಂಜುಂಡಪ್ಪ ವರದಿ ರಾಜ್ಯದಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲಿದ್ದವು. ಆ 21ರಲ್ಲಿ ಲಿಂಗಸುಗೂರೂ ಸಿಂಧನೂರೂ ಇದ್ದವು. ಮಸ್ಕಿಗೆ ಆಗಿನ್ನೂ ತಾಲ್ಲೂಕಿನ ಪಟ್ಟ ಸಿಕ್ಕಿರಲಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನೂ ಮುಟ್ಟಿರಲಿಲ್ಲ. ಈ ಬಡತನವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಬಡತನವೇ ಅಡ್ಡಿಯಾಗಿದ್ದರೆ ಮಿಜೋರಾಮಿನ ಗುಡ್ಡಗಾಡಿನ ಸಭೆಗಳಿಗೆ ಏನನ್ನೂ ಮಾಡಲಾಗುತ್ತಿರಲಿಲ್ಲ. ಅಲ್ಲಿನ ಹೆಂಗಸರು 1910ರ ಹೊತ್ತಿಗೆ ಒಂದು ಪದ್ಧತಿ ಶುರು ಮಾಡಿದರು: ದಿನವೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು, ಕೂಡಿದ್ದನ್ನು ಸಭೆ ಮಾರಿ ಸುವಾರ್ತೆಯ ಕೆಲಸಕ್ಕೆ ಬಳಸುವುದು. ಆ ಹಿಡಿ ಅಕ್ಕಿ ಇಂದಿಗೂ ನಿಂತಿಲ್ಲ. ಅದರ ಆಸರೆಯಲ್ಲಿ ಮಿಜೋ ಮಿಷನರಿಗಳು ತಮ್ಮ ರಾಜ್ಯದಾಚೆಗೂ ಹೋಗಿ ದುಡಿಯುತ್ತಿದ್ದಾರೆ. ಇದನ್ನು ಓದುವಾಗ ನಮ್ಮ ಸೀಮೆಯ ಒಂದು ದಂಪತಿಯ ನೆನಪಾಗದೇ ಇರದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದಳು. ಬಡತನ ಇದ್ದದ್ದು ಅಕ್ಕಿಯಲ್ಲಿ, ಮನಸ್ಸಿನಲ್ಲಿ ಅಲ್ಲ. ಇತರರಿಗೆ ಉಣಿಸಲು ಶ್ರೀಮಂತಿಕೆ ಬೇಕಿಲ್ಲ ಎಂಬುದನ್ನು ಈ ನೆಲ ಎಂಟು ನೂರು ವರ್ಷಗಳಿಂದ ಬಲ್ಲದು. ಕ್ರೈಸ್ತ ಸಭೆ ಅದನ್ನು ಹೊರಗಿನಿಂದ ಆಮದು ಮಾಡಿಕೊಳ್ಳಬೇಕಾಗಿಲ್ಲ.

ಹೆಚ್ಚಾದ ಅಕ್ಕಿಯ ಪ್ರಶ್ನೆಯೇ ವಿದೇಶಿ ಹಣದ ಪ್ರಶ್ನೆಯೂ ಹೌದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಿಂದ, ಹಣ ಪಡೆದ ಒಂದು ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಕೆಲಸಗಳಿಗೆ ಹರಿದು ಬರುತ್ತಿದ್ದ ಹಣದ ದಾರಿ ಇದರಿಂದ ಮುಚ್ಚಿತು. ಹಲವರು ಇದನ್ನು ಸಂಕಟವೆಂದು ಕಂಡರು. ನಿಜವಾದ ಸಂಕಟವೂ ಆಯಿತು. ಆದರೆ ಹೊರಗಿನ ಹಣ ಸಭೆಯ ಒಳಗೆ ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕು. ಹಣ ಬರುವಾಗ ಲೆಕ್ಕ ಒಪ್ಪಿಸಬೇಕಾದದ್ದು ದಾನಿಗೆ. ಹಳ್ಳಿಯ ಸಭೆಗೆ ಆ ಲೆಕ್ಕ ಗೊತ್ತಾಗುವುದೂ ಇಲ್ಲ. ದಾನಿಗೆ ಬೇಕಾದದ್ದು ಎಣಿಕೆ: ಇಷ್ಟು ಹಳ್ಳಿ, ಇಷ್ಟು ಜನ, ಇಷ್ಟು ದೀಕ್ಷಾಸ್ನಾನ. ಎಣಿಕೆಯ ಒತ್ತಡದಲ್ಲಿ ಮನುಷ್ಯರು ಅಂಕಿಗಳಾಗುತ್ತಾರೆ. ಹಿಡಿ ಜೋಳ ಕೊಟ್ಟ ಮುದುಕಿಗಾದರೆ ಎಣಿಕೆ ಬೇಕಿಲ್ಲ. ಕೂಲಿಗೆ ಹೋದ ನೆರೆಮನೆಯವಳ ಮಗು ಶಾಲೆಗೆ ಹೋಯಿತೇ ಎಂದು ಆಕೆ ಕೇಳುತ್ತಾಳೆ. 19ನೇ ಶತಮಾನದಲ್ಲೇ ಹೆನ್ರಿ ವೆನ್, ರೂಫಸ್ ಆಂಡರ್ಸನ್ ಅವರಂಥ ಮಿಷನ್ ಚಿಂತಕರು, ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ಸಾಕಿಕೊಳ್ಳಬೇಕು, ಹರಡಿಕೊಳ್ಳಬೇಕು ಎಂದು ಹೇಳಿದ್ದರು. ನಮ್ಮಲ್ಲಿ ಆಳಿಕೊಳ್ಳುವ ಹಕ್ಕು ಬಂತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು, 1981ರಲ್ಲಿ ಮೆಥಡಿಸ್ಟ್ ಸಭೆ ಸ್ವಾಯತ್ತವಾಯಿತು. ಉಳಿದೆರಡು ಅರ್ಧ ದಾರಿಯಲ್ಲೇ ನಿಂತಿವೆ.

ಎರಡನೆಯ ಆಕ್ಷೇಪಣೆ ಹೊರಗಿನದು, ಇಂದು ಹೆಚ್ಚು ಗಟ್ಟಿಯಾಗಿ ಕೇಳಿಬರುವುದು. ಮಿಷನ್ ಎಂದರೆ ಮತಾಂತರ, ಮತಾಂತರವೆಂದರೆ ಆಮಿಷ ಎಂಬ ಮಾತು ಅದು. ಅದನ್ನು ಕೇವಲ ದ್ವೇಷವೆಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನ ಬಗ್ಗೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಬಿಸಿ ಚರ್ಚೆ ನಡೆದಿತ್ತು. ಹಕ್ಕು ಉಳಿಯಿತು, ಈಗ 25ನೇ ವಿಧಿಯಲ್ಲಿದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದರ ಗಡಿ ಗುರುತಿಸಿತು: ತನ್ನ ನಂಬಿಕೆಯನ್ನು ವಿವರಿಸಿ ಹೇಳುವ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನೂ ಸೇರಿಸಿತು. ಅದನ್ನು ಹಿಂತೆಗೆಯಲು 2023ರ ಜೂನಿನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಕಾನೂನು ಬರಲಿ ಹೋಗಲಿ, ಅನುಮಾನ ಅದರ ಜೊತೆ ಹೋಗುವುದಿಲ್ಲ. ಅದನ್ನು ಕರಗಿಸುವ ಶಕ್ತಿ ಇರುವುದು ಸೇವೆಯ ರೀತಿಯಲ್ಲಿ. ಎಲ್ಲಿಂದಲೋ ಬಂದ ಹಣ, ಎಲ್ಲಿಂದಲೋ ಬಂದ ಅಪರಿಚಿತರು, ಒಂದೆರಡು ವರ್ಷದಲ್ಲಿ ಏಳುವ ಕಟ್ಟಡ, ಇವೆಲ್ಲ ಕೂಡಿದರೆ ಯಾವ ಊರಾದರೂ ಅನುಮಾನಪಟ್ಟೀತು. ಹಿಡಿ ಜೋಳದ ಬಲದ ಮೇಲೆ ನಡೆಯುವ ಸೇವೆಯ ಹತ್ತಿರ ಆಮಿಷ ಒಡ್ಡಲು ಏನೂ ಇರುವುದಿಲ್ಲ. ಅದನ್ನು ಮಾಡುವವರ ಅಜ್ಜ, ಮುತ್ತಜ್ಜ ಯಾರೆಂದು ಊರಿಗೆ ಗೊತ್ತಿರುತ್ತದೆ.

ಈ ನೆಲಕ್ಕೆ ದೂರದಿಂದ ಬಂದ ಸಂದೇಶಗಳಲ್ಲಿ ಸುವಾರ್ತೆಯೇ ಮೊದಲನೆಯದಲ್ಲ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬಿದ್ದಾಗ, 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಶಾಸನದಲ್ಲಿದ್ದ ಅವನ ಹೆಸರಿನಿಂದಲೇ ಖಚಿತವಾಯಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬುದು ಆ ಶಾಸನದ ತಿರುಳು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯದೂ ಇದೆ. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯಬಾರದು ಎಂದು ಸಾರುವುದು ಅದೇ. ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದರೆ ನಮ್ಮ ಸಭೆಗಳಿಗೆ ಬೇಕಾದ ಶಿಸ್ತು ಸಿಗುತ್ತದೆ: ಸಣ್ಣವರ ಬಳಿಗೆ ಹೋಗಬೇಕು, ಆದರೆ ಅವರು ಪೂಜಿಸಿದ್ದನ್ನು ತುಳಿದು ಹೋಗಬಾರದು. ಅಮರೇಶ್ವರದ ಜಾತ್ರೆಯನ್ನಾಗಲೀ ಮುದಗಲ್ಲಿನ ಮೊಹರಂ ಆಚರಣೆಯನ್ನಾಗಲೀ ಧ್ವನಿವರ್ಧಕದಲ್ಲಿ ಹೀಗಳೆಯುವ ಬೋಧನೆ ಸುವಾರ್ತೆಯಲ್ಲ. ಅಂಥದ್ದು ಎಲ್ಲಿ ನಡೆದರೂ ಅದನ್ನು ತಡೆಯಬೇಕಾದವರು ಪೊಲೀಸರಿಗಿಂತ ಮೊದಲು ಸಭೆಯ ಹಿರಿಯರು.

ಆಮಿಷದ ಮಾತಿನ ಇನ್ನೊಂದು ಮಗ್ಗುಲನ್ನು ಸಮಾಜ ಗಮನಿಸಿದ್ದು ಕಡಿಮೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಅಂದರೆ ಈ ಸೀಮೆಯ ದಲಿತ ಕೇರಿಯಲ್ಲಿ ಕ್ರಿಸ್ತನನ್ನು ಬಹಿರಂಗವಾಗಿ ಒಪ್ಪಿಕೊಂಡವರು ಪಡೆದುದಕ್ಕಿಂತ ಬಿಟ್ಟುಕೊಟ್ಟದ್ದೇ ಹೆಚ್ಚು. ಆದರೆ ಈ ವಾದವನ್ನು ಹೊರಗಿನವರ ಮುಂದಿಡುವ ಮೊದಲು ನಮ್ಮ ಮನೆ ಗುಡಿಸಿಕೊಳ್ಳಬೇಕು. ಹೊಲೆಯರ ಸಭೆ, ಮಾದಿಗರ ಸಭೆ ಎಂಬ ಗೆರೆ ಇನ್ನೂ ಅಳಿಯದ ಕಡೆ, ಸಂಬಂಧ ಬೆಳೆಸುವಾಗ ಮೊದಲು ಜಾತಿ ಕೇಳುವ ಕಡೆ, ಮಿಷನ್ನಿನ ಮೊದಲ ಕ್ಷೇತ್ರ ಆ ಸಭೆಯೇ. ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡು ಹೊರಗೆ ಬಂದ ಮೇಲೆ ಬೇರೆ ಬೇರೆ ಕೇರಿಗೆ ತಿರುಗಿಕೊಳ್ಳುವವರ ಸಾಕ್ಷಿಯನ್ನು ಯಾರು ನಂಬಿಯಾರು?

ಹಾಗಾದರೆ ಈ ಮೂರು ತಾಲ್ಲೂಕುಗಳ ಸಭೆ ಎಲ್ಲಿಗೆ ಹೋಗಬೇಕು? ದೂರವೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು; ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಒಂದೇ ಸಂತೆಯಲ್ಲಿ ಕೇಳುವ ತಾಲ್ಲೂಕು ಇದು. ತಿರುನೆಲ್ವೇಲಿಯವರು ನೂರಾರು ಮೈಲು ದಾಟಿ ತೆಲುಗು ಕಲಿತರು. ಪಟ್ಟಣದ ಕನ್ನಡ ಸಭೆಯೂ ಕ್ಯಾಂಪಿನ ತೆಲುಗು ಸಭೆಯೂ ವರ್ಷಕ್ಕೊಮ್ಮೆಯಾದರೂ ಜೊತೆಯಾಗಿ ಕುಳಿತು ಕೆಲಸ ಹಂಚಿಕೊಳ್ಳುವುದು ಅದಕ್ಕಿಂತ ಕಷ್ಟವೇ? ಕಾಲುವೆಯ ಮೇಲ್ಭಾಗದಲ್ಲಿ ಭತ್ತ ತೂಗುವಾಗ ಕೊನೆಭಾಗದ ರೈತ ನೀರಿಗೆ ಕಾದು ಕುಳಿತಿರುತ್ತಾನೆ. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳೂ ತಾಂಡಾಗಳೂ ಗುಳೆ ಹೊರಡುತ್ತವೆ: ಬೆಂಗಳೂರು, ಪುಣೆ, ಗೋವಾ. ಮನೆಯಲ್ಲಿ ಉಳಿಯುವವರು ಮುದುಕರು, ಜೊತೆಗೆ ಶಾಲೆ ತಪ್ಪಿದ ಮಕ್ಕಳು. ಗುಳೆಯ ಆರು ತಿಂಗಳು ಆ ಮಕ್ಕಳಿಗೆ ಸಂಜೆಯ ಪಾಠ, ಒಂದು ಹೊತ್ತಿನ ಊಟ, ಮಲಗಲು ಸಭೆಯ ಹಜಾರ; ಗುಳೆ ಹೋದ ಕುಟುಂಬ ಇಳಿದುಕೊಂಡ ನಗರದ ಸಭೆಗೆ ಇಲ್ಲಿಂದ ಒಂದು ಪತ್ರ, ಒಂದು ಫೋನು. ಇದಕ್ಕೆ ದೊಡ್ಡ ಯೋಜನೆ ಬೇಡ, ಮಕ್ಕಳ ಜಾತಿ, ಮತ ಕೇಳದ ಮನಸ್ಸು ಬೇಕು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ದೇವದಾಸಿಯರಾಗಿದ್ದ ತಾಯಂದಿರ ಮಕ್ಕಳ ಮದುವೆ, ಓದು, ಗೌರವದ ಪ್ರಶ್ನೆಗಳು ಕಾಯ್ದೆಯಿಂದ ಮುಗಿದಿಲ್ಲ. ಅವರ ಅಂಗಳಕ್ಕೆ ಹೋಗಬಲ್ಲವರು ಸಭೆಯ ಮಹಿಳಾ ಸಂಘದವರು.

ಇಷ್ಟು ಹೇಳಿದ ಮೇಲೆ ಸಭೆಯ ಒಳಗಿನವರು ಒಂದು ಪ್ರಶ್ನೆ ಕೇಳುತ್ತಾರೆ: ಇದು ಸಮಾಜಸೇವೆಯಾಯಿತು, ಸುವಾರ್ತೆ ಎಲ್ಲಿ? ಪ್ರಶ್ನೆ ಸರಿಯಾಗಿದೆ. ಕ್ರಿಸ್ತನ ಹೆಸರನ್ನು ಬಾಯಿಬಿಟ್ಟು ಹೇಳದ ಸಭೆ ತನ್ನ ಉಸಿರನ್ನೇ ಮರೆತಂತೆ. ಆದರೆ ಹೇಳುವುದಕ್ಕೆ ಒಂದು ಕನ್ನಡದ ದಾರಿ ಇದೆ. ಬಾಸೆಲ್ ಮಿಷನ್ ಸಭೆಯಲ್ಲಿ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು; ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು ತಮ್ಮ ನಂಬಿಕೆಯನ್ನು ಎಂದೂ ಬಚ್ಚಿಡಲಿಲ್ಲ, ನೆರೆಯವರ ನಂಬಿಕೆಯ ಆಳಕ್ಕೆ ಇಳಿಯಲು ಹಿಂಜರಿಯಲೂ ಇಲ್ಲ. ಹಾಗಾಗಿಯೇ ಅವರ ಮಾತನ್ನು ಲಿಂಗಾಯತ ಮಠಗಳೂ ವಿದ್ವಾಂಸರೂ ಆಲಿಸಿದರು. ಸೇವೆಯನ್ನು ಸುವಾರ್ತೆಗೆ ಗಾಳವಾಗಿ ಬಳಸಿದರೆ ಎರಡೂ ಕೆಡುತ್ತವೆ. ಸೇವೆ ಸೇವೆಯಾಗಿರಲಿ; ನೀವೇಕೆ ಹೀಗೆ ಮಾಡುತ್ತೀರಿ ಎಂದು ನೆರೆಯವನು ಕೇಳಿದ ದಿನ ಉತ್ತರ ಕೊಡಲು ಪ್ರತಿ ವಿಶ್ವಾಸಿಯೂ ಸಿದ್ಧನಿರಲಿ.

ಈ ಕೆಲಸ ಸಭಾಪಾಲಕರೊಬ್ಬರ ಹೆಗಲಿಗೆ ಬೀಳಬಾರದು. ಮೆಥಡಿಸ್ಟ್ ಸಭೆಯಲ್ಲಿ ವಾರ್ಷಿಕ ಸಮ್ಮೇಳನದಲ್ಲಿ ನೇಮಕದ ಪಟ್ಟಿ ಓದಿದರೆ ಅವರು ಬೇರೆ ಊರಿಗೆ ಹೊರಡುತ್ತಾರೆ. ಕ್ಯಾಥೊಲಿಕರ ಬಳ್ಳಾರಿ ಧರ್ಮಪ್ರಾಂತದ ಗುರುಗಳಿಗೂ ವರ್ಗಾವಣೆ ತಪ್ಪಿದ್ದಲ್ಲ. ಉಳಿಯುವವರು ಊರಿನವರು. ಅದಕ್ಕೆ ಈ ಸಂಚಿಕೆ ಕೈಗೆ ಬಂದ ಪ್ರತಿ ಸಭೆಯ ಹಿರಿಯರಲ್ಲಿಯೂ ತಾಯಂದಿರಲ್ಲಿಯೂ ಎರಡು ಬೇಡಿಕೆಗಳು. ನಿಮ್ಮ ಹಳೆಯ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ದಾಖಲೆ ಪುಸ್ತಕಗಳನ್ನು ತೆರೆಯಿರಿ. ಮಿಷನರಿಗಳ ವರದಿಗಳಲ್ಲಿ ಹೆಸರಿಲ್ಲದೆ ಹೋದ ಉಪದೇಶಿಗಳು, ಬೈಬಲ್ ಸ್ತ್ರೀಯರು ಯಾರೆಂದು ಹುಡುಕಿ, ಬದುಕಿರುವ ಹಿರಿಯರನ್ನು ಕೇಳಿ ಬರೆದಿಡಿ. ಇನ್ನು ಬರುವ ಸುಗ್ಗಿಗೆ ಪ್ರತಿ ಮನೆಯ ಅಡುಗೆಮನೆಯಲ್ಲಿ ಒಂದು ಗಡಿಗೆ ಇಡಿ, ದಿನಕ್ಕೊಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಅದಕ್ಕೆ ಹಾಕಿ, ತಿಂಗಳ ಕೊನೆಯ ಭಾನುವಾರ ಸಭೆಗೆ ತನ್ನಿ. ಅದು ಎಷ್ಟು ಸೇರಾಯಿತು, ಯಾರಿಗೆ ಹೋಯಿತು ಎಂಬ ಲೆಕ್ಕವನ್ನು ಸಭೆಯ ಬಾಗಿಲಲ್ಲಿ, ಊರಿನವರೆಲ್ಲ ಓದುವ ಹಾಗೆ, ಕನ್ನಡದಲ್ಲಿ ಬರೆದು ಅಂಟಿಸಿ.